ಹೇಳುವ ಮೊದಲು ಕೇಳೋಣ: ಹಳ್ಳಿಯ ಆರೋಗ್ಯ ಶಿಕ್ಷಣ ಕುರಿತು ಓದುಗರ ಪ್ರಶ್ನೆಗಳು

ಹಳ್ಳಿಗಳಲ್ಲಿ ಆರೋಗ್ಯದ ಅರಿವು ಮೂಡಿಸುವ ಕೆಲಸದ ಬಗ್ಗೆ ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಐದನ್ನು ಆಯ್ದು ಇಲ್ಲಿ ಪ್ರಕಟಿಸುತ್ತಿದ್ದೇವೆ. ಬಯಲುಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ ನಿವೃತ್ತರಾಗಿರುವ ವೈದ್ಯೆಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಾನು ಒಂಬತ್ತು ವರ್ಷಗಳಿಂದ ಆಶಾ ಕಾರ್ಯಕರ್ತೆಯಾಗಿದ್ದೇನೆ. ಪ್ರತಿ ತಿಂಗಳು ಅಂಗನವಾಡಿಯಲ್ಲಿ ಗರ್ಭಿಣಿಯರನ್ನು ಸೇರಿಸಿ ರಕ್ತಹೀನತೆಯ ಬಗ್ಗೆ ತಿಳಿಸಿ ಹೇಳುತ್ತೇನೆ, ಕಬ್ಬಿಣಾಂಶದ ಮಾತ್ರೆಗಳನ್ನು ಕೈಗೇ ಕೊಡುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ತಿಂಗಳು ಪರೀಕ್ಷೆ ಮಾಡಿಸಿದರೆ ರಕ್ತದ ಪ್ರಮಾಣ ಇದ್ದಷ್ಟೇ ಇರುತ್ತದೆ. ಮಾತ್ರೆ ನುಂಗುತ್ತಿಲ್ಲವೆಂಬುದು ನನಗೂ ಗೊತ್ತು. ನಾನು ಹೇಳುವ ರೀತಿಯಲ್ಲೇ ತಪ್ಪಿದೆಯೇ? — ಆಶಾ ಕಾರ್ಯಕರ್ತೆ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನ ಸೇವೆಯ ಮೊದಲ ವರ್ಷಗಳ ಒಂದು ಮಧ್ಯಾಹ್ನ ನೆನಪಾಯಿತು. ಬಾಣಂತಿಯೊಬ್ಬಳನ್ನು ನೋಡಲು ಮನೆಗೆ ಹೋಗಿದ್ದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಬಚ್ಚಲ ಗೋಡೆಯ ಗೂಡಿನಲ್ಲಿ ನಮ್ಮ ಆಸ್ಪತ್ರೆಯಿಂದಲೇ ಕೊಟ್ಟಿದ್ದ ಕೆಂಪು ಮಾತ್ರೆಯ ಪಟ್ಟಿಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದವು. ಒಂದೇ ಒಂದು ಮಾತ್ರೆಯನ್ನೂ ಬಿಡಿಸಿರಲಿಲ್ಲ. ಎಸೆಯಲು ಆಕೆಗೆ ಮನಸ್ಸು ಬಂದಿರಲಿಲ್ಲ, ನುಂಗಲು ಧೈರ್ಯ ಬಂದಿರಲಿಲ್ಲ. ನಾನು ಸಿಟ್ಟಿನಲ್ಲಿ ಏನೋ ಹೇಳಲು ಹೊರಟಾಗ ಅವಳ ಅತ್ತೆ ಮೆಲ್ಲಗೆ ಹೇಳಿದರು: "ಅದು ನುಂಗಿದ್ರೆ ಕೂಸು ಕಪ್ಪಾಗ್ತದಂತೆ ಡಾಕ್ಟ್ರಮ್ಮ, ಹೊಟ್ಟೇಲಿ ದಪ್ಪ ಬೆಳೆದು ಹೆರಿಗೆ ಕಷ್ಟ ಆಗ್ತದಂತೆ. ನಾನೇ ಬ್ಯಾಡ ಅಂದಿದ್ದೆ."

ಆ ಊರಿನಲ್ಲಿ ನಾನು ರಕ್ತಹೀನತೆಯ ಬಗ್ಗೆ ಮೂರು ಬಾರಿ ಭಾಷಣ ಮಾಡಿದ್ದೆ. ಮಗು ಕಪ್ಪಾಗುತ್ತದೆಂಬ ಭಯದ ಬಗ್ಗೆ ಒಮ್ಮೆಯೂ ಮಾತನಾಡಿರಲಿಲ್ಲ, ಏಕೆಂದರೆ ಅಂಥದೊಂದು ಭಯವಿದೆಯೆಂದು ಯಾರನ್ನೂ ಕೇಳಿರಲಿಲ್ಲ. ನನ್ನ ಭಾಷಣದಲ್ಲಿ ಅತ್ತೆಯರಿಗೆ ಜಾಗವೇ ಇರಲಿಲ್ಲ, ಆದರೆ ಆ ಮನೆಯಲ್ಲಿ ತೀರ್ಮಾನ ಅತ್ತೆಯದಾಗಿತ್ತು.

ಆದ್ದರಿಂದ, ತಾಯಿ, ನಿಮ್ಮ ಮಾತಿನಲ್ಲಿ ದೋಷವಿದೆಯೆಂದು ನಾನು ಹೇಳಲಾರೆ. ಮಾತಿಗೂ ಮೊದಲು ಕೇಳಬೇಕಾದದ್ದು ಉಳಿದುಹೋಗಿದೆ ಎನ್ನುತ್ತೇನೆ. ಮುಂದಿನ ಬಾರಿ ಮಾತ್ರೆ ಕೊಡುವಾಗ "ತಪ್ಪದೆ ತಗೊಳ್ಳಿ" ಎನ್ನುವುದರ ಬದಲು "ಇದನ್ನು ತಗೊಂಡಾಗ ಏನಾಯಿತು? ಮನೆಯಲ್ಲಿ ಯಾರು ಏನಂದರು?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಬರುವ ಉತ್ತರಗಳು ಬಹುತೇಕ ಮೂರು ನಾಲ್ಕೇ ಇರುತ್ತವೆ. ವಾಕರಿಕೆ ಬರುತ್ತದೆ, ಮಲಬದ್ಧತೆಯಾಗುತ್ತದೆ, ಮಲ ಕಪ್ಪಗೆ ಹೋಗುತ್ತದೆ, ಮಗು ಕಪ್ಪಾಗುತ್ತದೆ. ಮಲ ಕಪ್ಪಗಾಗುವುದು ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣಾಂಶದಿಂದ, ಅದರಿಂದ ಯಾವ ಅಪಾಯವೂ ಇಲ್ಲ. ಇದನ್ನು ಮೊದಲ ದಿನವೇ ಹೇಳಿಬಿಟ್ಟರೆ ಹೆದರಿ ನಿಲ್ಲಿಸುವವರ ಸಂಖ್ಯೆ ಬಹಳ ಕಡಿಮೆಯಾಗುತ್ತದೆ. ಮಗುವಿನ ಬಣ್ಣ ತಂದೆತಾಯಿಯಿಂದ ಬರುವುದೇ ಹೊರತು ಮಾತ್ರೆಯಿಂದಲ್ಲ. ವಾಕರಿಕೆ ಇರುವವರು ರಾತ್ರಿ ಊಟವಾದ ಮೇಲೆ ನುಂಗಿ ಮಲಗಿದರೆ ಅದರ ಕಾಟ ಕಡಿಮೆಯಾಗುತ್ತದೆ. ಊಟದ ಆಸುಪಾಸಿನಲ್ಲಿ ಚಹಾ, ಕಾಫಿ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಬಿಡಬೇಕು.

ಗರ್ಭಿಣಿಗೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ದಿನಕ್ಕೊಂದು ಮಾತ್ರೆ ಎಂಬುದು ಸರ್ಕಾರಿ ಕಾರ್ಯಕ್ರಮದ ಲೆಕ್ಕ. ಅಷ್ಟು ದಿನ ಒಬ್ಬಳೇ ನೆನಪಿಟ್ಟುಕೊಂಡು ನುಂಗುವುದು ಸುಲಭವಲ್ಲ. ನಮ್ಮ ಒಂದು ಉಪಕೇಂದ್ರದ ಕಿರಿಯ ಆರೋಗ್ಯ ಸಹಾಯಕಿ ಇದಕ್ಕೊಂದು ದಾರಿ ಹುಡುಕಿದ್ದರು. ಮನೆಗೆ ಹೋದಾಗ ಮಾತ್ರೆ ಪಟ್ಟಿಯನ್ನು ಅತ್ತೆಯ ಕೈಗೇ ಕೊಟ್ಟು, "ರಾತ್ರಿ ಊಟಕ್ಕೆ ಹಾಕಿದ ಮೇಲೆ ನೀವೇ ಒಂದು ಬಿಡಿಸಿ ಕೊಡಿ, ಖಾಲಿ ಪಟ್ಟಿ ನನಗೆ ಬೇಕು" ಎನ್ನುತ್ತಿದ್ದರು. ಬೇಡವೆಂದವರೇ ಮಾತ್ರೆಯ ಕಾವಲುಗಾರರಾದರು. ಸೊಸೆ ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಾಳೆಂಬ ಸಂಗತಿಯೂ ಆ ನೆಪದಲ್ಲೇ ಮಾತಿಗೆ ಬಂತು. ಹುರುಳಿ, ನುಗ್ಗೆಸೊಪ್ಪು, ರಾಗಿಯ ಗುಣಗಾನವನ್ನು ಎಷ್ಟು ಮಾಡಿದರೂ ಅವು ಅವಳ ತಟ್ಟೆಗೆ ಬೀಳದಿದ್ದರೆ ಪ್ರಯೋಜನವಿಲ್ಲವಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ದೇಶದ ಲೆಕ್ಕ ಶೇ. 57. ನಿಮ್ಮ ಅಂಗನವಾಡಿಯಲ್ಲಿ ಕುಳಿತ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಂದಾಯಿತು. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7 ಗ್ರಾಂಗಿಂತ ಕಡಿಮೆಯಿದ್ದರೆ ಅದು ಮಾತ್ರೆಯಿಂದ ಸರಿಪಡಿಸುತ್ತ ಕೂರುವ ಹಂತವಲ್ಲ, ಕೂಡಲೇ ದೊಡ್ಡಾಸ್ಪತ್ರೆಗೆ ಕಳುಹಿಸಬೇಕು. ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ರಕ್ತ ಏರದಿದ್ದರೆ ಸುಮ್ಮನಿರಬೇಡಿ. ಜಂತುಹುಳು, ಕುಡಗೋಲು ರಕ್ತಕಣದ ಕಾಯಿಲೆ, ಬಿ12 ಕೊರತೆ ಮುಂತಾದ ಬೇರೆ ಕಾರಣಗಳನ್ನು ವೈದ್ಯರು ನೋಡಬೇಕಾಗುತ್ತದೆ.

ಪ್ರಶ್ನೆ: ಈ ವರ್ಷ ನಮ್ಮ ಗ್ರಾಮ ಪಂಚಾಯಿತಿಯಿಂದ ಆರೋಗ್ಯ ಜಾಗೃತಿಗೆ ಸ್ವಲ್ಪ ಹಣ ತೆಗೆದಿಡಬೇಕೆಂದು ಸದಸ್ಯರೆಲ್ಲ ಒಪ್ಪಿದ್ದೇವೆ. ಶಾಮಿಯಾನ ಹಾಕಿಸಿ, ಜಿಲ್ಲಾ ಕೇಂದ್ರದಿಂದ ತಜ್ಞರನ್ನು ಕರೆಸಿ, ಒಂದು ದಿನದ ದೊಡ್ಡ ಶಿಬಿರ ಮಾಡುವ ಯೋಚನೆಯಿದೆ. ಇದರಿಂದ ಜನರಿಗೆ ನಿಜವಾಗಿ ಪ್ರಯೋಜನವಾಗುತ್ತದೆಯೇ? — ಗ್ರಾಮ ಪಂಚಾಯಿತಿ ಸದಸ್ಯರು, ತುಮಕೂರು ಜಿಲ್ಲೆ

ಉತ್ತರ: ಹಣ ಖರ್ಚು ಮಾಡುವ ಮೊದಲೇ ಈ ಪ್ರಶ್ನೆ ಕೇಳಿದ್ದೀರಿ, ಅದಕ್ಕೆ ನಿಮಗೆ ವಂದನೆ. ಕಣ್ಣಿನ ಪೊರೆ ಪತ್ತೆಗೆ, ಸಕ್ಕರೆ ಕಾಯಿಲೆಯ ತಪಾಸಣೆಗೆ ಒಂದು ದಿನದ ಶಿಬಿರ ಉಪಯುಕ್ತವೇ. ಆದರೆ ಜನರ ಬದುಕಿನ ರೀತಿಯಲ್ಲಿ ಬದಲಾವಣೆ ತರಬೇಕೆಂದರೆ ಅದೇ ಹಣವನ್ನು ಹನ್ನೆರಡು ತಿಂಗಳಿಗೆ ಹಂಚಿ, ಓಣಿ ಓಣಿಯಲ್ಲಿ ಸಣ್ಣ ಸಣ್ಣ ಸಭೆಗಳಿಗೆ ಬಳಸುವುದು ಮೇಲೆಂದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ನಮ್ಮ ದೇಶದಲ್ಲೇ ಪುರಾವೆಯಿದೆ.

ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳ ಬುಡಕಟ್ಟು ಪ್ರದೇಶಗಳಲ್ಲಿ ಏಕಜುಟ್ ಎಂಬ ಸಂಸ್ಥೆ 2005ರಿಂದ 2008ರವರೆಗೆ ಒಂದು ಪ್ರಯೋಗ ನಡೆಸಿತು. ಹೊಸ ಆಸ್ಪತ್ರೆ ಕಟ್ಟಲಿಲ್ಲ, ಭಾಷಣಕಾರರನ್ನೂ ಕರೆಸಲಿಲ್ಲ. ಸ್ಥಳೀಯ ಹೆಣ್ಣುಮಗಳೊಬ್ಬಳು ಪ್ರತಿ ತಿಂಗಳು ಊರಿನ ಮಹಿಳೆಯರನ್ನು ಸೇರಿಸಿ, ಚಿತ್ರದ ಕಾರ್ಡುಗಳು, ಕಥೆ, ಆಟಗಳ ಮೂಲಕ ಮಾತುಕತೆ ನಡೆಸುತ್ತಿದ್ದಳು. ಒಟ್ಟು 20 ಸಭೆಗಳು. ಬಾಣಂತಿ ಮತ್ತು ಹಸುಗೂಸುಗಳ ವಿಷಯದಲ್ಲಿ ನಮ್ಮೂರಿನ ತೊಂದರೆಗಳೇನು, ಅವುಗಳಲ್ಲಿ ಮೊದಲು ಯಾವುದು, ಅದಕ್ಕೆ ನಾವೇ ಏನು ಮಾಡಬಹುದು ಎಂದು ಮಹಿಳೆಯರೇ ಚರ್ಚಿಸಿ, ತೀರ್ಮಾನಿಸಿ, ಮಾಡಿ, ಕೊನೆಗೆ ತಾವೇ ಪರಿಶೀಲಿಸಿದರು. ಮೂರು ವರ್ಷಗಳಲ್ಲಿ ಅಂಥ ಸಭೆಗಳು ನಡೆದ ಕಡೆ ನವಜಾತ ಶಿಶುಗಳ ಮರಣ ಉಳಿದ ಕಡೆಗಿಂತ ಶೇ. 32ರಷ್ಟು ಕಡಿಮೆಯಾಗಿತ್ತು. 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದೆಂದರೆ, ಆಸ್ಪತ್ರೆಗೆ ಹೋಗುವವರ ಸಂಖ್ಯೆಯಲ್ಲಿ ಅಂಥ ಬದಲಾವಣೆ ಆಗಿರಲಿಲ್ಲ. ಹೆರಿಗೆ ಮಾಡಿಸುವವರು ಕೈ ತೊಳೆಯುವುದು, ಹೊಕ್ಕುಳಬಳ್ಳಿಯನ್ನು ಶುಚಿಯಾಗಿ ನೋಡಿಕೊಳ್ಳುವುದು, ಕೂಸಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡದಿರುವುದು, ಹೀಗೆ ಮನೆಯೊಳಗಿನ ನಡವಳಿಕೆ ಬದಲಾಗಿತ್ತು.

ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರು ಹಳ್ಳಿಯ ಮಹಿಳೆಯರಿಗೇ ತರಬೇತಿ ಕೊಟ್ಟು, ಬಾಣಂತಿಯರ ಮನೆಗೆ ಮತ್ತೆ ಮತ್ತೆ ಹೋಗಿ ಕೂಸನ್ನು ನೋಡಿಕೊಳ್ಳುವ ಕ್ರಮವನ್ನು ರೂಪಿಸಿದರು. 39 ಹಳ್ಳಿಗಳಲ್ಲಿ ನಡೆದ ಆ ಕೆಲಸದ ಫಲಿತಾಂಶ 1999ರಲ್ಲಿ ಪ್ರಕಟವಾದಾಗ ನವಜಾತ ಶಿಶುಮರಣ ಶೇ. 62ರಷ್ಟು ಇಳಿದಿದ್ದುದು ತಿಳಿಯಿತು. ಇಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕೆಂಬ ನಿಯಮದ ಬೇರು ಅಲ್ಲಿದೆ. ಅದಕ್ಕೂ ಮುಂಚೆ, 1970ರಲ್ಲಿ, ಅದೇ ರಾಜ್ಯದ ಜಾಮಖೇಡ್‌ನಲ್ಲಿ ರಜನೀಕಾಂತ್ ಆರೋಳೆ ಮತ್ತು ಮೇಬಲ್ ಆರೋಳೆ ದಂಪತಿ ಕೆಲಸ ಆರಂಭಿಸಿ, ಓದುಬರಹವಿಲ್ಲದ ಮಹಿಳೆಯರು ಸಹ ಊರಿನ ಆರೋಗ್ಯ ಕಾರ್ಯಕರ್ತೆಯರಾಗಬಲ್ಲರೆಂದು ತೋರಿಸಿಕೊಟ್ಟಿದ್ದರು.

ನಿಮ್ಮ ಪಂಚಾಯಿತಿಯಲ್ಲಿ ಇದಕ್ಕಾಗಿ ಹೊಸದಾಗಿ ಏನನ್ನೂ ಹುಟ್ಟುಹಾಕಬೇಕಿಲ್ಲ. ಸ್ತ್ರೀಶಕ್ತಿ ಸಂಘಗಳ ಸಭೆಗಳು ಉಳಿತಾಯದ ಲೆಕ್ಕಕ್ಕಾಗಿ ನಡೆದೇ ನಡೆಯುತ್ತವೆ, ಅದರಲ್ಲಿ ಅರ್ಧ ಗಂಟೆ ಕೇಳಿ ಪಡೆಯಿರಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಪ್ರತಿ ಊರಿನಲ್ಲೂ ಇರಬೇಕು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಅಂಥ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಕೊಡುವ ಏರ್ಪಾಡಾಗಿತ್ತು. ನಿಮ್ಮಲ್ಲಿ ಆ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತ್ತು, ಹಣ ಯಾವುದಕ್ಕೆ ಖರ್ಚಾಯಿತು ಎಂಬುದನ್ನು ನಡಾವಳಿ ಪುಸ್ತಕ ತೆರೆದು ನೋಡಿ, ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಿ. ಸಭೆಗೆ ಬರುವ ಹೆಣ್ಣುಮಕ್ಕಳು ಅರ್ಧ ದಿನದ ಕೂಲಿ ಬಿಟ್ಟು ಬರುತ್ತಾರೆಂಬುದನ್ನು ಮಾತ್ರ ಮರೆಯಬೇಡಿ. ಬಿತ್ತನೆ, ಕಳೆ, ಕೊಯ್ಲಿನ ದಿನಗಳಲ್ಲಿ ಹಗಲು ಸಭೆ ಕರೆದು "ಜನ ಬರಲಿಲ್ಲ" ಎಂದು ದೂರುವುದು ನ್ಯಾಯವಲ್ಲ.

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಬೇಸಾಯ ಮಾಡುತ್ತಾರೆ. ರಕ್ತದೊತ್ತಡ 160/100 ಇತ್ತು. ಒಂದು ತಿಂಗಳು ಮಾತ್ರೆ ತೆಗೆದುಕೊಂಡು, ಈಗ ಚೆನ್ನಾಗಿದ್ದೇನೆಂದು ನಿಲ್ಲಿಸಿಬಿಟ್ಟಿದ್ದಾರೆ. ನಮ್ಮೂರಿನಲ್ಲಿ ಗಂಡಸರೆಲ್ಲರದೂ ಇದೇ ಕಥೆ, ಆರೋಗ್ಯದ ಸಭೆಗೆ ಒಬ್ಬರೂ ಬರುವುದಿಲ್ಲ. ಅವರಿಗೆ ತಿಳಿಸಿ ಹೇಳುವುದು ಹೇಗೆ? — ಪದವಿ ವಿದ್ಯಾರ್ಥಿ, ಹಾಸನ ಜಿಲ್ಲೆ

ಉತ್ತರ: ಮೊದಲು ತಂದೆಯವರ ವಿಷಯ. ಒತ್ತಡ ಇಳಿದದ್ದು ಮಾತ್ರೆಯಿಂದ. ಮಾತ್ರೆ ಬಿಟ್ಟರೆ ಮತ್ತೆ ಏರುತ್ತದೆ, ಏರಿದ್ದು ಅವರಿಗೆ ಗೊತ್ತಾಗುವುದೂ ಇಲ್ಲ. ರಕ್ತದೊತ್ತಡಕ್ಕೆ ನೋವಿಲ್ಲ, ಜ್ವರವಿಲ್ಲ. ಬಹಳ ಮಂದಿಗೆ ಅದರ ಮೊದಲ ಸುಳಿವು ಸಿಗುವುದೇ ಲಕ್ವ ಹೊಡೆದಾಗ. ಈ ವಾರವೇ ಅವರನ್ನು ಕರೆದುಕೊಂಡು ಹೋಗಿ ಮತ್ತೆ ಪರೀಕ್ಷೆ ಮಾಡಿಸಿ, ಮಾತ್ರೆ ಮುಂದುವರಿಸುವ ಬಗ್ಗೆ ವೈದ್ಯರಿಂದಲೇ ಹೇಳಿಸಿ. ಬಿಟ್ಟದ್ದಕ್ಕೆ ಕಾರಣ ಹಟ ಮಾತ್ರವೇ, ಅಥವಾ ಮಾತ್ರೆ ಮುಗಿದಾಗ ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೆಲಸ ಕೆಡುತ್ತದೆಂಬ ಚಿಂತೆಯೇ ಎಂದು ಸಮಾಧಾನದಿಂದ ವಿಚಾರಿಸಿ. ಎರಡನೆಯದಾಗಿದ್ದರೆ ಮಾತ್ರೆ ತಂದುಕೊಡುವ ಹೊಣೆ ನೀವೇ ಹೊರಬಹುದು.

ಇನ್ನು ಊರಿನ ಗಂಡಸರು. ಅವರು ಸಭೆಗೆ ಬರುವುದಿಲ್ಲ, ನಿಜ. ಆದರೆ ದಿನಕ್ಕೆರಡು ಬಾರಿ, ಬೆಳಿಗ್ಗೆ ಮತ್ತು ಸಂಜೆ, ಹಾಲು ಹಾಕಲು ಡೈರಿಗೆ ಬರುತ್ತಾರೆ. ಕ್ಷೌರದಂಗಡಿಗೆ ಬರುತ್ತಾರೆ, ಹೋಟೆಲ್ಲಿಗೆ ಬರುತ್ತಾರೆ, ಅರಳಿಕಟ್ಟೆಯಲ್ಲಿ ಕೂರುತ್ತಾರೆ. ನಿಮ್ಮ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳಿಕೊಂಡು ತಿಂಗಳಿಗೊಂದು ದಿನ ಡೈರಿಯ ಪಕ್ಕದಲ್ಲಿ ಒಂದು ಕುರ್ಚಿ, ಮೇಜು, ಒತ್ತಡ ನೋಡುವ ಯಂತ್ರ ಇಡಿಸಿ. 30 ವರ್ಷ ದಾಟಿದ ಎಲ್ಲರ ತಪಾಸಣೆ ಅವರ ಕರ್ತವ್ಯದಲ್ಲೇ ಸೇರಿದೆ. ಹಾಲಿನ ಕ್ಯಾನು ಕೆಳಗಿಟ್ಟು, ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ ನೋಡಿಸಬೇಕು. ನಡೆದು ಬಂದ ಏದುಸಿರಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಬೀಡಿ ಅಥವಾ ಕಾಫಿಯಾದ ಅರ್ಧ ಗಂಟೆಯೊಳಗೂ ನೋಡಬಾರದು. ಎಣಿಕೆ 140/90 ದಾಟಿದರೆ ಇನ್ನೊಂದು ದಿನ ಮತ್ತೆ ನೋಡಿ ಖಚಿತಪಡಿಸಿಕೊಳ್ಳಬೇಕು.

ಉಪ್ಪಿನ ಬಗ್ಗೆ ಮನೆಯಲ್ಲಿ ಒಂದು ಲೆಕ್ಕ ಮಾಡಿ ನೋಡಿ. ಒಬ್ಬ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ವರ ಮನೆಗೆ ದಿನಕ್ಕೆ 20 ಗ್ರಾಂ, ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆಯೇ ಪೆನ್ನಿನಿಂದ ಬರೆದಿಡಿ. ಐವತ್ತು ದಿನ ಬರಬೇಕಾದ ಪೊಟ್ಟಣ ಮೂರು ವಾರಕ್ಕೇ ಮುಗಿದರೆ ನಿಮ್ಮ ಅಮ್ಮನಿಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಯ ಉಪ್ಪೂ ಇದರಲ್ಲೇ ಸೇರಬೇಕು. ಬೆವರು ಸುರಿಸಿ ದುಡಿಯುವವರಿಗೆ ಹೆಚ್ಚು ಉಪ್ಪು ಬೇಕೆಂದು ಹಿರಿಯರು ವಾದಿಸುತ್ತಾರೆ. ದಿನನಿತ್ಯದ ಊಟದಲ್ಲಿ ಬರುವ ಉಪ್ಪು ಅದಕ್ಕೆ ಸಾಲುತ್ತದೆ, ಅವರಿಗೆ ಹೆಚ್ಚಾಗಿ ಬೇಕಾದದ್ದು ನೀರು. ಬಳಸುವಷ್ಟು ಉಪ್ಪು ಅಯೋಡಿನ್‌ಯುಕ್ತವೇ ಆಗಿರಲಿ. ಕಡ್ಡಿಪುಡಿ, ಹೊಗೆಸೊಪ್ಪಿನ ಚಟವಿರುವವರಿಗೆ ಒತ್ತಡದ ಮಾತಿನ ಜೊತೆಗೇ ಬಾಯಿ ತೆರೆಸಿ ಒಳಗೆ ಬಿಳಿ ಮಚ್ಚೆ, ಮಾಯದ ಹುಣ್ಣು ಇದೆಯೇ ಎಂದು ನೋಡಿಸುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಎನ್ನುತ್ತಾರೆ. ಕುದಿಸಿ ಆರಿಸಿ ಕುಡಿದರೆ ಸಾಕಲ್ಲವೇ? — ಗೃಹಿಣಿ, ಪಾವಗಡ ತಾಲ್ಲೂಕು

ಉತ್ತರ: ಸಾಲದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. "ನೀರು ಕುದಿಸಿ ಕುಡಿಯಿರಿ" ಎಂದು ಎಲ್ಲ ಊರುಗಳಿಗೂ ಒಂದೇ ಪಾಠ ಹೇಳಿದ್ದರಿಂದ ನಿಮ್ಮ ಭಾಗದ ಎಷ್ಟೋ ತಾಯಂದಿರು ನಿಮ್ಮಂತೆಯೇ ತಿಳಿದಿದ್ದಾರೆ, ಇದು ಅವರ ತಪ್ಪಲ್ಲ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದ ಕಡೆ ಗರಿಷ್ಠ 1.5 ಮಿಲಿಗ್ರಾಂ. ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲದೆ ಅನ್ನ, ಸಾರು, ಮುದ್ದೆಗೂ ಬಳಸಿ; ಸ್ನಾನಕ್ಕೆ, ಬಟ್ಟೆಗೆ ಕೊಳವೆಬಾವಿ ನೀರು ಸಾಕು. ಎಲ್ಲಕ್ಕೂ ಸಾಲದಿದ್ದರೆ ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಮೊದಲ ಪಾಲು ಕೊಡಿ, ಏಕೆಂದರೆ ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಕಾಲ ಅದು. ಆಗ ಬಿದ್ದ ಕಂದು ಗೆರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಘಟಕದ ಶೋಧಕಗಳನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಆ ನೀರೂ ನಂಬಿಕೆಗೆ ಅರ್ಹವಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಿನಲ್ಲಿ ಅವರು ಯಾರೆಂದು ಪಂಚಾಯಿತಿಯಲ್ಲಿ ವಿಚಾರಿಸಿ, ಘಟಕದ ನೀರನ್ನೂ ಕೊಳವೆಬಾವಿ ನೀರನ್ನೂ ಅಕ್ಕಪಕ್ಕ ಇಟ್ಟು ಎಲ್ಲರೆದುರು ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಮಕ್ಕಳ ಮೂಲಕ ಮನೆಮನೆಗೆ ಆರೋಗ್ಯದ ತಿಳಿವಳಿಕೆ ತಲುಪಿಸುವ ಆಸೆಯಿದೆ. ಯಾವ ವಿಷಯದಿಂದ ಆರಂಭಿಸಲಿ? — ಶಿಕ್ಷಕರು, ಹಾವೇರಿ ಜಿಲ್ಲೆ

ಉತ್ತರ: ಹಾವು ಕಡಿತದಿಂದ ಆರಂಭಿಸಿ ಗುರುಗಳೇ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸಾಯುತ್ತಾರೆಂಬ ಅಂದಾಜಿದೆ, ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹೊಲಕ್ಕೆ ಹೋಗುವ ತಂದೆತಾಯಿಯ ಮಕ್ಕಳಿಗೆ ಇದು ಪಠ್ಯಪುಸ್ತಕದ ವಿಷಯವಲ್ಲ, ಮನೆಯ ವಿಷಯ. ಅವರು ಕಿವಿಗೊಟ್ಟು ಕೇಳುತ್ತಾರೆ, ಮನೆಗೆ ಹೋಗಿ ಹೇಳಿಯೂ ಹೇಳುತ್ತಾರೆ.

ಇಲ್ಲಿಯೂ ಮೊದಲು ಮಕ್ಕಳನ್ನೇ ಕೇಳಿ: ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಿಗಾದರೂ ಹಾವು ಕಚ್ಚಿದಾಗ ಏನು ಮಾಡಿದರು? ಹಗ್ಗ ಬಿಗಿದರು, ಬ್ಲೇಡಿನಿಂದ ಕೊಯ್ದರು, ಮಂತ್ರ ಹಾಕಿಸಿದರು, ಬೇರು ಅರೆದು ಕುಡಿಸಿದರು ಎಂಬ ಉತ್ತರಗಳು ಬರುತ್ತವೆ. ಹಾಗೆ ಮಾಡಿದವರನ್ನು ತರಗತಿಯಲ್ಲಿ ಹೀಗಳೆಯಬಾರದು, ಅವರಲ್ಲಿ ಆ ಮಗುವಿನ ಅಜ್ಜನೂ ಇರಬಹುದು. ಕಚ್ಚಿದ ಹಾವುಗಳಲ್ಲಿ ಬಹಳಷ್ಟು ವಿಷರಹಿತ. ಆದ್ದರಿಂದ ಮಂತ್ರ ಹಾಕಿಸಿಕೊಂಡವರಲ್ಲಿ ಹಲವರು ಬದುಕಿದ್ದೂ ನಿಜ, ನಂಬಿಕೆ ಬೆಳೆದದ್ದು ಅಲ್ಲಿಂದಲೇ ಎಂದು ಬಿಡಿಸಿ ಹೇಳಿ. ಆಮೇಲೆ ಮಾಡಬೇಕಾದದ್ದನ್ನು ಅಭ್ಯಾಸ ಮಾಡಿಸಿ. ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿ, ಕಚ್ಚಿದ ಕಾಲು ಅಲುಗಾಡದಂತೆ ಎರಡು ಅಡಿಕೋಲುಗಳನ್ನು ಆಧಾರ ಕೊಟ್ಟು ಸಡಿಲವಾಗಿ ಬಟ್ಟೆ ಸುತ್ತುವುದನ್ನು ಮಕ್ಕಳೇ ಮಾಡಲಿ. ಊತ ಬರುವ ಮೊದಲೇ ಕಾಲುಂಗುರ, ಬಳೆ, ಉಡಿದಾರ ತೆಗೆಯಬೇಕು. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು, ಹಾವನ್ನು ಹುಡುಕಿ ಹೊಡೆಯುತ್ತ ಹೊತ್ತು ಕಳೆಯಬಾರದು. ವಿಷಕ್ಕೆ ಮದ್ದೆಂದರೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಕೆಲಸ ಮಾಡುವ ಒಂದೇ ಔಷಧ ಅದು, ಆದ್ದರಿಂದ ಹಾವನ್ನು ಹಿಡಿದು ತರುವ ಅಗತ್ಯವೂ ಇಲ್ಲ.

ಕಟ್ಟುಹಾವಿನ ವಿಷಯವನ್ನು ಬೇರೆಯಾಗಿ ಹೇಳಿ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು ಅಷ್ಟಾಗಿ ಇರುವುದಿಲ್ಲ, ಗಾಯವೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಕಂಡರೆ ಹೊಟ್ಟೆನೋವಿನ ಮಾತ್ರೆ ಕೊಟ್ಟು ಕಾಯದೆ ಆಸ್ಪತ್ರೆಗೆ ಓಡಬೇಕು. ಮಂಚವಿಲ್ಲದ ಮನೆಯಲ್ಲಿ ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗಿದರೆ ಸೊಳ್ಳೆಯಿಂದಲೂ ಹಾವಿನಿಂದಲೂ ರಕ್ಷಣೆ.

ಕೊನೆಗೆ ಮನೆಗೆಲಸವಾಗಿ ಪ್ರತಿ ಮಗುವೂ ಒಂದು ಚೀಟಿ ಬರೆದು ತರಲಿ. ತನ್ನ ಮನೆಗೆ ಹತ್ತಿರದ, ಪ್ರತಿವಿಷ ಇರುವ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ದೂರ, ರಾತ್ರಿ ಹನ್ನೆರಡಕ್ಕೆ ಓಣಿಯಲ್ಲಿ ಯಾರ ವಾಹನ ಸಿಗುತ್ತದೆ, ಅವರ ಫೋನ್ ನಂಬರ್ ಏನು, ಜೊತೆಗೆ 108. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ನೀವೇ ಮುಂಚಿತವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಲ್ಲಿ ವಿಚಾರಿಸಿಕೊಂಡು, ಚೀಟಿಗಳನ್ನು ತಿದ್ದಿ, ಮನೆಯ ಬಾಗಿಲ ಹಿಂದೆ ಅಂಟಿಸಲು ಹೇಳಿ. ಮುಂಗಾರು ಬಿತ್ತನೆ ಶುರುವಾಗುವ ಮೊದಲೇ ಈ ಕೆಲಸ ಮುಗಿದಿರಲಿ.